ಕೆಸರಪ್ಪನ ಕೂಗು

ಬೆಳಗಿನಿಂದ ಅಕ್ಕನ ಸಡಗರ ಹೇಳತೀರದು. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಬೀರುವಿನ ಕನ್ನಡಿಗೆ ಓಡಾಡುತ್ತ, ಎಂದೋ ಮಡಿಸಿಟ್ಟಿದ್ದ ಒಳ್ಳೆಯ ಬಟ್ಟೆಯನ್ನು ತೆಗೆದು ಇಸ್ತ್ರಿ ಮಾಡಿ, ಈ ವಯಸ್ಸಿಗೆ ಈ ಬಣ್ಣ ಜಾಸ್ತಿಯಾಯಿತೇನೋ ಎಂದು ತನ್ನನ್ನೇ ಕೇಳಿಕೊಂಡು, ಇರಲಿ ಬಿಡು, ದೆವ್ವದ ಸಿನಿಮಾಕ್ಕೆ ತಾನೇ ಎಂದು ತಾನೇ ಉತ್ತರ ಹೇಳಿಕೊಂಡು ನಗುತ್ತಿದ್ದಳು. ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ. ಸಾಲುಗಳ ಮೇಲೆ ಕಣ್ಣು ಹರಿಯುತ್ತಿತ್ತೇ ಹೊರತು ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಇವಳನ್ನು ಹೇಗಾದರೂ ಮಾಡಿ ತಡೆಯಬೇಕು. ಎದ್ದ ಕೂಡಲೇ ತಲೆನೋವು ಎಂದು ಹೇಳಿ ನೋಡಿದ್ದ. ಮಾತ್ರೆ ನುಂಗು ಎಂದು ನೀರಿನ ಲೋಟ ತಂದಿಟ್ಟು ಹೋಗಿದ್ದಳು. ಆಮೇಲೆ ಸೆಕೆ ಎಂದ, ಗಲಾಟೆ ಎಂದ, ಹಳೇ ಥಿಯೇಟರಿನ ಮುರುಕಲು ಕುರ್ಚಿ ಎಂದ, ನಿನ್ನ ಮಂಡಿ ಎಂದ.

"ಲೋ, ನಿನ್ನನ್ನ ಸ್ಟೇಜ್ ಮೇಲೆ ಕರೆದು ಕೂರಿಸ್ತಾರಂತೆ. ಜೀವಮಾನಕ್ಕೆ ಒಂದು ಸಲ. ಅದನ್ನ ನಾನು ನೋಡದೆ ಇನ್ನ್ಯಾರು ನೋಡ್ಬೇಕು, ಈ ಗೋಡೆನಾ?" ಎಂದಳು ಅಕ್ಕ. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಇನ್ನೊಂದು ಮಾತು ಸೇರಿಸಿದಳು. "ಅಮ್ಮ ಇದ್ದಿದ್ರೆ ಅವಳೂ ಬರೋಳು."

ಅಮ್ಮ ಅಲ್ಲಿ ಇದ್ದೇ ಇರುತ್ತಾಳೆ. ಅದೇ ಅವನ ಭಯ.

ಸಿನಿಮಾದ ಹೆಸರು ‘ಜೌಗಿನಲ್ಲಿ ಯಾರೋ’. ಊರಾಚೆಯ ಜೌಗಿನಲ್ಲಿ ಒಂದು ಜೀವವಿದೆ, ಹೊತ್ತು ಇಳಿಯುವಾಗ ಕೂಗುತ್ತದೆ, ಪಾಪ ಯಾರೋ ಏನೋ ಎಂದು ನೋಡಲು ಹೋದವರು ಹೂತುಹೋಗುತ್ತಾರೆ ಎಂಬ ಹಳೇ ಮಾತೊಂದನ್ನು ಹಿಡಿದುಕೊಂಡು, ಕೈಯಲ್ಲಿ ಕಾಸಿಲ್ಲದವರೆಲ್ಲ ಸೇರಿ ತೆಗೆದ ಸಿನಿಮಾ. ಆ ಜೀವದ ವೇಷವನ್ನು ಲಾರಿ ಟೈರಿನ ಟ್ಯೂಬು, ನಾರು, ಟಾರ್ಪಾಲುಗಳಲ್ಲಿ ಹೊಲಿದಿದ್ದರು. ಚಿತ್ರೀಕರಣದ ಮೊದಲ ದಿನವೇ ದವಡೆಯೊಳಗೆ ಕೆಸರು ಹೊಕ್ಕು ಬಾಯಿ ಕಚ್ಚಿಕೊಂಡಿತು. ಆಮೇಲೆ ಎಷ್ಟು ಎಳೆದರೂ ತೆರೆಯಲಿಲ್ಲ. ಬಾಯಿಲ್ಲದ ದೆವ್ವ. ಎಲ್ಲ ಭಾರ ಶಬ್ದದವನಾದ ಅವನ ತಲೆಗೆ ಬಿತ್ತು. ಸಿನಿಮಾ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ ಎನ್ನುವ ಹಾಗೆ ಮುಳುಗಿತು. ನಿರ್ದೇಶಕ ಆ ಕೊರಗಿನಲ್ಲೇ ಸತ್ತ. ಈಗ ಇಷ್ಟು ಕಾಲದ ಮೇಲೆ ಯಾರೋ ಹುಡುಗರು ಅದನ್ನು ಎಲ್ಲಿಂದಲೋ ಹೆಕ್ಕಿ ತೆಗೆದು, ಮೊಬೈಲಿನಲ್ಲಿ ನೋಡಿ ನೋಡಿ ನಕ್ಕು, ನಗುತ್ತ ನಗುತ್ತಲೇ ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದರು. ಆ ಜೀವಕ್ಕೆ ಕೆಸರಪ್ಪ ಎಂದು ಹೆಸರಿಟ್ಟಿದ್ದರು. ಎದುರುಮನೆಯವನಿಗೆ ಫೋನು ಬಂದರೆ ಕೆಸರಪ್ಪನ ಗುರುಗುಟ್ಟುವಿಕೆ ಕೇಳುತ್ತಿತ್ತು. ಅದೇನು ಕರ್ಮ, ಯಾರಿಗೋ ಅಜೀರ್ಣ ಆದ ಹಾಗಿದೆ ಎಂದು ಅಕ್ಕ ಬೈಯುತ್ತಿದ್ದಳು. ಅದು ಬರೀ ಟ್ಯೂಬು ತಿಕ್ಕಿದ ಸದ್ದು. ಅದಕ್ಕೆ ಅವನು ಹೆದರುತ್ತಿರಲಿಲ್ಲ. ಕೊನೆಯ ಕೂಗು ಬೇರೆ. ಊರವರೆಲ್ಲ ಪಂಜು ಹಿಡಿದು ದಂಡೆಯಲ್ಲಿ ನಿಂತು ನೋಡುತ್ತಿರುವಾಗ ಎದೆಮಟ್ಟ ಹೂತ ಜೀವ ಕೂಗುತ್ತದಲ್ಲ, ಆ ಕೂಗು ಅಮ್ಮನದು. ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಅಮ್ಮನ ಕೂಗನ್ನು ಟೇಪಿನಲ್ಲಿ ಹಿಡಿದು, ವೇಗ ಇಳಿಸಿ, ಅವನೇ ಕೆಸರಪ್ಪನ ಗಂಟಲಿಗೆ ತುಂಬಿದ್ದ. ಅಕ್ಕನಿಗೆ ಅದು ಗೊತ್ತಿಲ್ಲ. ಸಿನಿಮಾ ಬಂದಾಗ ಅಮ್ಮ ಸತ್ತ ದುಃಖದಲ್ಲಿ ಅವಳು ಮನೆ ಬಿಟ್ಟು ಹೊರಟಿರಲಿಲ್ಲ. ಆಮೇಲೆ ನೋಡಬೇಕು ಎಂದುಕೊಂಡರೂ ನೋಡಲು ಸಿನಿಮಾವೇ ಇರಲಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಕೊನೆಯ ದೃಶ್ಯಕ್ಕೆ ಮೊದಲು ಎದೆ ಹಿಡಿದುಕೊಂಡರಾಯಿತು, ಗಾಳಿಗೆ ಹೊರಗೆ ಕರೆದುಕೊಂಡು ಹೋಗು ಅಂದರಾಯಿತು, ತಲೆ ಮೇಲೆ ತಲೆ ಬಿದ್ದರೂ ಅವಳು ಆ ಕೂಗನ್ನು ಕೇಳಬಾರದು ಎಂದು ಅವನು ಲೆಕ್ಕ ಹಾಕುತ್ತಿದ್ದ. ಆ ಸಿನಿಮಾ ಮಾಡುತ್ತಿದ್ದಾಗ ಒಂದು ದಿನ ನಿರ್ದೇಶಕ ಬೆಂಕಿಕಡ್ಡಿ ಅಗಿಯುತ್ತ ಸ್ಟುಡಿಯೋದ ಬಾಗಿಲಿಗೆ ಒರಗಿ ನಿಂತಿದ್ದ. ಇವನು ತಂದ ಶಬ್ದವನ್ನೆಲ್ಲ ಕೇಳಿ, ಎಲ್ಲರ ಎದುರಿಗೆ, "ಇದು ಹಸಿದ ಎಮ್ಮೆ ಕಣಯ್ಯಾ. ನಾನು ದೆವ್ವ ಕೇಳಿದರೆ ನೀನು ಕೊಟ್ಟಿಗೆ ತಂದು ಕಟ್ಟಿದ್ದೀಯ" ಎಂದಿದ್ದ. ಚಹಾ ತಂದವನೂ ನಕ್ಕಿದ್ದ. ಆ ನಗು ವಾರಗಟ್ಟಲೆ ಅವನ ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೆ, ಸ್ನಾನಕ್ಕೆ ನಿಂತರೆ, ನಡುಮನೆಯಲ್ಲಿ ಮಲಗಿದ್ದ ಅಮ್ಮನ ಬಾಯಿ ಒರೆಸಲು ಬಗ್ಗಿದರೆ ಕೊಟ್ಟಿಗೆ ಕೊಟ್ಟಿಗೆ ಎಂದು ಕಿವಿಯಲ್ಲಿ ಕುಟುಕುತ್ತಿತ್ತು. ಅಮ್ಮನಿಗೆ ಉಳಿದದ್ದು ಕೂಗು ಒಂದೇ. ಆದರೆ ಎಲ್ಲ ಕೂಗೂ ಒಂದೇ ಅಲ್ಲ ಎಂದು ಅಕ್ಕ ಕಂಡುಹಿಡಿದಿದ್ದಳು. ಕೇಳು, ಗಿಡ್ಡಗೆ ತುಂಡು ತುಂಡಾಗಿ ಬಂದರೆ ನೀರು; ಮೇಲೆ ಮೇಲೆ ಏರಿದರೆ ಪಾತ್ರೆ ಇಡಬೇಕು; ಉದ್ದಕ್ಕೆ ಎಳೆದು, ಇಳಿದು, ಮತ್ತೆ ಎದ್ದು ಎಳೆದರೆ ಮಗ್ಗುಲು ಬದಲಿಸಬೇಕು. ಅವನಿಗೆ ಒಂದೇ ದಿನಕ್ಕೆ ಪಾಠವಾಯಿತು. ಕಿವಿಯಿಂದಲೇ ಅನ್ನ ತಿನ್ನುವವನು. ನಿನ್ನ ಕಿವಿಗೆ ದೃಷ್ಟಿ ತೆಗೀಬೇಕು ಎಂದು ಅಕ್ಕ ಬೆನ್ನು ತಟ್ಟಿದ್ದಳು.

"ಏನು ಯೋಚನೆ?" ಎಂದಳು ಅಕ್ಕ.

"ಏನಿಲ್ಲ."

"ನಾನು ಅಮ್ಮನ್ನೇ ನೆನೆಸ್ಕೊಳ್ತಿದ್ದೆ. ಅವತ್ತು ನೀನು ಒಂದು ಮಾತೂ ಅನ್ನಲಿಲ್ಲ ನೋಡು. ಬೇರೆ ಯಾರಾದ್ರೂ ಆಗಿದ್ರೆ ನನ್ನ ಮುಖ ನೋಡ್ತಿರಲಿಲ್ಲ."

ವರ್ಷಕ್ಕೆ ಒಂದೆರಡು ಸಲವಾದರೂ ಅವಳು ಈ ಮಾತನ್ನು ಆಡುತ್ತಿದ್ದಳು. ಯಾಕೆ ಆಡುತ್ತಾಳೆ ಎಂದು ಅವನಿಗೆ ಸಿಟ್ಟೇ ಬರುತ್ತಿತ್ತು. ಹಗಲೂ ರಾತ್ರಿ ಅಮ್ಮನ ಮಂಚದ ಬುಡದಲ್ಲಿ ಕೂತು ಸೊರಗಿದ್ದ ಅಕ್ಕನನ್ನು ಗೆಳತಿಯೊಬ್ಬಳು ಬಲವಂತ ಮಾಡಿ ಒಂದು ದಿನದ ಮಟ್ಟಿಗೆ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಊಟ ಮಾಡಿದ ಕೂಡಲೇ ಬಂದುಬಿಡ್ತೀನಿ, ಅಷ್ಟರೊಳಗೆ ಒಂದು ಸಲ ಮಗ್ಗುಲು ಬದಲಿಸು ಎಂದು ಇವನಿಗೆ ಹೇಳಿ ಹೋದವಳು, ಅಲ್ಲಿ ಉಂಡು ಸ್ವಲ್ಪ ಒರಗಿದ್ದೇ, ತಿಂಗಳುಗಟ್ಟಲೆಯ ನಿದ್ದೆಯೆಲ್ಲ ಒಟ್ಟಿಗೆ ಬಂದು, ಎಚ್ಚರವಾದಾಗ ಸಂಜೆಯಾಗಿತ್ತು. ಅದಾಗಿ ಕೆಲವೇ ದಿನಕ್ಕೆ ಅಮ್ಮನ ಎಡಮಗ್ಗುಲಿಗೆ ಹುಣ್ಣಾಯಿತು. ಹುಣ್ಣು ಕೊಳೆಯಿತು. ಅದರಲ್ಲೇ ಹೋದಳು. ನಾನು ಮಲಗಿಬಿಟ್ಟೆ ಕಣೋ, ನಾನು ಮಲಗಿಬಿಟ್ಟೆ ಎಂದು ಅಕ್ಕ ಹಣೆ ಚಚ್ಚಿಕೊಂಡಾಗ ಅವನು ಅವಳ ಕೈ ಹಿಡಿದು, ಹೋಗಲಿ ಬಿಡಕ್ಕ, ಆಗೋದು ಆಯ್ತು, ನಾನು ಊಟಕ್ಕೆ ಮೊದಲು ತಿರುಗಿಸಿದ್ದೆ, ಆಮೇಲೆ ಸ್ಟುಡಿಯೋಕ್ಕೆ ಹೋಗಬೇಕಾಯ್ತು, ನಿನ್ನ ತಪ್ಪೇನಿದೆ ಎಂದಿದ್ದ. ಹಾಗೆಂದರೆ ತಪ್ಪು ಅವಳದೇ ಎಂದಾಯಿತಲ್ಲ ಎಂದು ಹೇಳುತ್ತಿರುವಾಗಲೇ ಅವನಿಗೆ ಗೊತ್ತಿತ್ತು. ಕ್ಷಮಿಸಿದ ತಮ್ಮನ ಜೊತೆ ಅಕ್ಕ ಉಳಿದುಬಿಟ್ಟಳು. ಬಂದ ಸಂಬಂಧಗಳನ್ನು ತಳ್ಳಿಹಾಕಿದಳು; ಮುಂದೆ ಅವನ ಹೆಂಡತಿ ಬೇಸತ್ತು ಬಿಟ್ಟುಹೋದಾಗಲೂ ಅವನಿಗೆ ಅನ್ನ ಬೇಯಿಸಿ ಹಾಕಿದಳು. ಆವತ್ತಿನಿಂದ ಈವತ್ತಿನವರೆಗೆ, ಜ್ವರ ಬಂದರೂ ಸರಿ, ಹಗಲು ಹೊತ್ತು ಅವಳು ನೆಲಕ್ಕೆ ಬೆನ್ನು ತಾಗಿಸಿದವಳಲ್ಲ. ಮಧ್ಯಾಹ್ನ ಕಣ್ಣು ಎಳೆದರೆ ಎದ್ದು ಪಾತ್ರೆ ತೊಳೆಯುತ್ತಿದ್ದಳು, ತೊಳೆದ ಪಾತ್ರೆಯನ್ನೇ ಇನ್ನೊಂದು ಸಲ ತೊಳೆಯುತ್ತಿದ್ದಳು.

ಥಿಯೇಟರಿನ ಮುಂದೆ ಜಾತ್ರೆಯಂತೆ ಜನ ಸೇರಿದ್ದರು. ಮೈಗೆ ನಾರು ಸುತ್ತಿಕೊಂಡವರು, ಮುಖಕ್ಕೆ ಕೆಸರು ಬಳಿದುಕೊಂಡವರು, ಸೈಕಲ್ ಟ್ಯೂಬನ್ನು ಹಾರದಂತೆ ಹಾಕಿಕೊಂಡ ಹುಡುಗಿಯರು. ಬಾಗಿಲಲ್ಲಿ ನಿಂತಿದ್ದ ಸ್ವಯಂಸೇವಕ ಆಹ್ವಾನದ ಚೀಟಿ ನೋಡಿ ಕಣ್ಣರಳಿಸಿದ. "ಸರ್, ನೀವೇನಾ ಒಳಗಿದ್ದವರು? ಕೆಸರಪ್ಪ ನೀವೇನಾ?" ಅಲ್ಲಪ್ಪ, ನಾನು ಶಬ್ದ ಮಾಡಿದವನು ಎಂದಾಗ, "ಓ, ಸೌಂಡಾ" ಎಂದು ಆಗಲೇ ತೆಗೆದಿದ್ದ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ವೇಷದೊಳಗಿದ್ದ ಕಟ್ಟಾಳು ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ಅವನಿಗಿಂತ ನಾನೇನು ಕಡಿಮೆ ಎಂದು ಒಳಗೊಂದು ಹುಳು ಎದ್ದಿತು. ಈ ವಯಸ್ಸಿನಲ್ಲಿ, ಈ ಭಯದ ನಡುವೆಯೂ, ಆ ಹುಳು ಸತ್ತಿರಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಅಕ್ಕ ಮಾತ್ರ ಸ್ವಯಂಸೇವಕನನ್ನು ಬಿಡಲಿಲ್ಲ. "ನಿಮ್ಮ ಕೆಸರಪ್ಪನಿಗೆ ಬಾಯಿ ಇರಲಿಲ್ಲಪ್ಪ, ಬಾಯಿ ಕೊಟ್ಟಿದ್ದು ಇವನೇ" ಎಂದಳು.

ಸಿನಿಮಾ ಶುರುವಾದದ್ದೇ ತಡ, ಥಿಯೇಟರಿಗೆ ಥಿಯೇಟರೇ ಬಾಯಿಬಿಟ್ಟಿತು. ತೆರೆಯ ಮೇಲಿನವರು ಆಡುವ ಮೊದಲೇ ಪ್ರೇಕ್ಷಕರು ಮಾತು ಆಡಿ ಮುಗಿಸುತ್ತಿದ್ದರು. ನಾಯಕ ಹೆದರಿ ಓಡುವಾಗ ಅವನ ಒಂದು ಚಪ್ಪಲಿ ಕಳಚಿ, ಮುಂದಿನ ಕ್ಷಣ ಮತ್ತೆ ಕಾಲಲ್ಲೇ ಇದ್ದಾಗ, ಚಪ್ಪಲಿ ಚಪ್ಪಲಿ ಎಂದು ಎಲ್ಲರೂ ಎದ್ದು ಕುಣಿದರು. ಅಕ್ಕ ಮೊದಮೊದಲು ಗಾಬರಿಯಾಗಿ ಸುತ್ತ ನೋಡಿದಳು, ಆಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು, ಆಮೇಲೆ ಕರವಸ್ತ್ರವನ್ನೂ ಬಿಟ್ಟು ನಕ್ಕಳು. ಇಷ್ಟು ನಗು ಇವಳಲ್ಲಿ ಎಲ್ಲಿತ್ತು ಎಂದು ಅವನು ಕತ್ತಲಲ್ಲಿ ಅವಳನ್ನೇ ನೋಡಿದ. ಪಂಜುಗಳು ಹೊತ್ತಿಕೊಂಡವು. ಊರವರು ದಂಡೆಗೆ ಬಂದರು. ಈಗ ಎದೆ ಹಿಡಿದುಕೊಳ್ಳಬೇಕು. ಅವನು ಅವಳ ಮೊಣಕೈ ಮುಟ್ಟಿ, "ಅಕ್ಕ, ಯಾಕೋ ಎದೆ..." ಎಂದ. ಆ ಗದ್ದಲದಲ್ಲಿ ಅವಳಿಗೆ ಕೇಳಲಿಲ್ಲ. "ಸುಮ್ನಿರೋ, ಈಗ ಬರುತ್ತೆ ನಿನ್ನದು" ಎಂದಳು. ಗಂಟಲು ಸರಿಮಾಡಿಕೊಂಡು ಕಾಯುವವರಂತೆ ಇಡೀ ಥಿಯೇಟರು ಸುಮ್ಮನಾಯಿತು.

ಆವತ್ತು ಮೊದಲು ಮೈಕು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು ಎಂದಷ್ಟೇ ಇತ್ತು. ರಿಪೇರಿಗೆಂದು ಸ್ಟುಡಿಯೋದಿಂದ ಮನೆಗೆ ತಂದಿದ್ದ ರೆಕಾರ್ಡಿಂಗ್ ಮಷೀನು, ಅಮ್ಮನ ಮಂಚದ ಪಕ್ಕದ ಮೇಜಿನ ಮೇಲೆ. ಅಕ್ಕ ಹೋಗಿ ಬಹಳ ಹೊತ್ತಾಗಿತ್ತು. ಅಮ್ಮ ಕೂಗಿದಳು. ಉದ್ದಕ್ಕೆ ಎಳೆದು, ಇಳಿದು, ಮತ್ತೆ ಎದ್ದು. ಮಗ್ಗುಲು ಎಂದು ಅವನಿಗೆ ಗೊತ್ತಾಯಿತು. ಏಳಲು ಹೊರಟವನು ಶಬ್ದದ ಮಟ್ಟ ತೋರಿಸುವ ಮಷೀನಿನ ಮುಳ್ಳು ಆಡುತ್ತಿದ್ದುದನ್ನು ನೋಡಿದ. ವಾರಗಟ್ಟಲೆ ಎಮ್ಮೆ, ನಾಯಿ, ಮಡಕೆ, ಟ್ಯೂಬು ಎಂದು ಅಲೆದರೂ ಸಿಗದದ್ದು ತಾನಾಗಿ ಬಂದು ಮುಳ್ಳಿನ ತುದಿಯಲ್ಲಿ ನಡುಗುತ್ತಿತ್ತು. ಇನ್ನೊಂದು ಸಲ ಕೂಗಲಿ, ಆಮೇಲೆ ಎದ್ದರಾಯಿತು. ಮೈಕನ್ನು ಸ್ವಲ್ಪ ಹತ್ತಿರ ಸರಿಸಿದ. ಅಮ್ಮ ಅವನನ್ನೇ ನೋಡುತ್ತಿದ್ದಳು. ಮಗ ಹತ್ತಿರ ಬಂದ, ಈಗ ತಿರುಗಿಸುತ್ತಾನೆ ಎಂದು ಒಂದು ಕ್ಷಣ ಉಸಿರು ಹಿಡಿದಳು, ತಿರುಗಿಸಲಿಲ್ಲ, ಮತ್ತೆ ಕೂಗಿದಳು, ಮೊದಲಿಗಿಂತ ಚೆನ್ನಾಗಿ. ಚೆನ್ನಾಗಿ ಎಂದೇ ಆಗ ಅನ್ನಿಸಿದ್ದು. ಅದನ್ನು ಹೇಗೆ ಅಳಿಸುವುದು? ಕೂಗು ಒಡೆಯಿತು, ಸಣ್ಣಗಾಯಿತು, ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಬರೀ ಉಸಿರಾಗಿ ನಿಂತಿತು. ಅವಳ ಕಣ್ಣು ಅವನ ಮೇಲಿಂದ ಸರಿದು ಗೋಡೆಗೆ ಹೋಯಿತು. ಅವನು ಟೇಪು ತೆಗೆದುಕೊಂಡು ಸ್ಟುಡಿಯೋಕ್ಕೆ ಓಡಿದ. ತಿರುಗಿಸುವುದು ಮರೆತೇಹೋಗಿತ್ತು, ಅಥವಾ ಕೂಗು ನಿಂತಿತಲ್ಲ, ಇನ್ನೇನು ಎಂದುಕೊಂಡಿದ್ದ. ಟೇಪು ಕೇಳಿದ ನಿರ್ದೇಶಕ ಬಾಯಿಂದ ಬೆಂಕಿಕಡ್ಡಿ ತೆಗೆದು, ಅವನ ಹೆಗಲ ಮೇಲೆ ಕೈ ಇಟ್ಟಿದ್ದ.

ದೀಪ ಹತ್ತಿದಾಗ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಗೊತ್ತಾಗಿಹೋಯಿತು ಎಂದುಕೊಂಡ. ಆದರೆ ಅವಳು ನಕ್ಕು ನಕ್ಕು ಅತ್ತದ್ದು. ಕೊನೆಯ ಕೂಗಿಗೆ ಥಿಯೇಟರಿನವರೆಲ್ಲ ಸೇರಿ ಕೂಗಿದ್ದರು, ಅವಳೂ ಬಾಯಿ ತೆರೆದು ಕೂತಿದ್ದಳು. "ಅಬ್ಬಾ, ಹೊಟ್ಟೆ ಹಿಡ್ಕೊಂಡಿದೆ ಕಣೋ" ಎಂದಳು. ಅವಳಿಗೆ ಗೊತ್ತಾಗಲಿಲ್ಲ. ತಪ್ಪಿಸಿಕೊಂಡೆ ಎಂಬ ಹಗುರ ಒಂದು ಕ್ಷಣ ಮೈಯೆಲ್ಲ ಹರಡಿತು. ಮರುಕ್ಷಣವೇ, ಅಮ್ಮನನ್ನು ಗುರುತು ಹಿಡಿಯುವ ಒಬ್ಬಳೂ ಗುರುತು ಹಿಡಿಯಲಿಲ್ಲವಲ್ಲ ಎಂದು ಅವನಿಗೆ ಹೇಳಲಾರದ ಸಂಕಟವಾಯಿತು.

ಸ್ಟೇಜಿನ ಮೇಲೆ ಕತ್ತಿಗೆ ನಾರು ಕಟ್ಟಿಕೊಂಡಿದ್ದ ನಿರೂಪಕ ಅವನನ್ನು ‘ಕೆಸರಪ್ಪನ ಗಂಟಲು’ ಎಂದು ಪರಿಚಯಿಸಿ, ಚಪ್ಪಾಳೆ ಬೇಡಿ, ಇನ್ನೊಂದು ಕಡೆ ತಿರುಗಿ ವೇಷದ ಸ್ಪರ್ಧೆಯ ಬಹುಮಾನದ ಬಗ್ಗೆ ಮಾತಾಡತೊಡಗಿದ. ಅವನು ಮಡಿಚುವ ಕುರ್ಚಿಯಲ್ಲಿ ತೊಡೆಯ ಮೇಲೆ ಕೈ ಇಟ್ಟು ಕೂತ. ಏಳಬೇಕೋ ಕೂರಬೇಕೋ ತಿಳಿಯದೆ ಮುಗುಳ್ನಗುತ್ತಿದ್ದ. ಕನ್ನಡಕದ ಹುಡುಗಿಯೊಬ್ಬಳು ಎದ್ದು ನಿಂತು, ತಾನೂ ಶಬ್ದ ಕಲಿಯುತ್ತಿರುವವಳು ಎಂದು ಹೇಳಿಕೊಂಡು, "ಸರ್, ಆ ಕೊನೇ ಕೂಗು ಒಂದು ಚೂರನ್ನೇ ನಿಧಾನ ಮಾಡಿ, ಮತ್ತೆ ಮತ್ತೆ ಅಂಟಿಸಿದ್ದಲ್ವಾ? ಅಷ್ಟು ಉದ್ದ ಯಾವ ಪ್ರಾಣಿನೂ ಕೂಗಲ್ಲ" ಎಂದಳು. ಹೌದಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಅಂಟಿಸಿದ್ದು ಎಂಬ ಮಾತು ಅವನನ್ನು ಚುಚ್ಚಿತು. ಜೀವಮಾನವಿಡೀ ಇನ್ನೊಬ್ಬರ ಸಿನಿಮಾದ ಬಾಗಿಲು, ಹೆಜ್ಜೆ, ಕೆಮ್ಮುಗಳನ್ನು ಅಂಟಿಸಿ ಅಂಟಿಸಿ ಸವೆದ ಕೈ. ಅಂಟಿಸದೆ ಸಿಕ್ಕದ್ದು ಒಂದೇ ಒಂದು.

"ಅಂಟಿಸಿಲ್ಲ" ಎಂದ. ಮೈಕಿನಲ್ಲಿ ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವನಿಗೇ ಆಶ್ಚರ್ಯ. "ಎಲ್ಲಾದ್ರೂ ಜೋಡಣೆ ಇದ್ರೆ ತೋರಿಸಿ. ಒಂದೇ ಟೇಕ್. ವೇಗ ಇಳಿಸಿದ್ದೀನಿ, ಅಷ್ಟೇ. ಕತ್ತರಿ ತಾಗಿಲ್ಲ ಅದಕ್ಕೆ."

ಥಿಯೇಟರು ಎದ್ದು ನಿಂತಿತು. ಆ ಚಪ್ಪಾಳೆ ಅವನಿಗೇ ಸಂದದ್ದು, ವೇಷದವನಿಗಲ್ಲ, ನಿರ್ದೇಶಕನಿಗಲ್ಲ. ಮುಂದಿನ ಸಾಲಿನಲ್ಲಿ ಅಕ್ಕ ಕೈಗಳನ್ನು ತಲೆಯ ಮೇಲೆತ್ತಿ ಹೊಡೆಯುತ್ತಿದ್ದಳು. "ಅದು ಯಾವ ಪ್ರಾಣಿ ಸರ್?" ಎಂದು ಹುಡುಗಿ ಕೇಳಿದಳು.

"ಒಂದು ಮುದಿ ಪ್ರಾಣಿ" ಎಂದ. "ಈಗಿಲ್ಲ."

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಮಧ್ಯಾಹ್ನದ ಬಿಸಿಲು ಸೀಟುಗಳ ಮೇಲೆ ಬಿದ್ದಿತ್ತು. ಅಕ್ಕನ ಬಾಯಿಗೆ ಬಿಡುವಿರಲಿಲ್ಲ. "ನಿನ್ನ ಕೆಸರಪ್ಪನ ಸೊಂಟದಲ್ಲಿ ಟ್ಯೂಬಿನ ಗಾಳಿ ತುಂಬೋ ಮೂತಿ ಕಾಣ್ತಿತ್ತು ಕಣೋ. ಪಂಕ್ಚರ್ ಆಗಿದ್ರೆ ಏನು ಗತಿ?" ಅವನೂ ನಕ್ಕ. ಗೆದ್ದವನ ನಗು. ಇನ್ನು ಸಾಯುವ ತನಕ ಯಾರೂ ಕೇಳುವುದಿಲ್ಲ. "ಕೊನೆಗೆ ಹೇಗೆ ಅದು ಕೂಗಿದ್ದು? ಹೀಗಾ?" ಎಂದು ಅವಳು ಗದ್ದವನ್ನು ಎದೆಗೆ ಒತ್ತಿ, ಗಂಡು ದನಿ ಮಾಡಿ ಕೂಗಿದಳು. ಕೆಮ್ಮು ಬಂತು. ಡ್ರೈವರು ಕನ್ನಡಿಯಲ್ಲಿ ನೋಡಿ ಹಲ್ಲು ಬಿಟ್ಟ. "ಅಷ್ಟು ಕೆಳಗೆ ಇಳಿಯೋಕೆ ನನಗಾಗಲ್ಲಪ್ಪ" ಎಂದು ಉಸಿರೆಳೆದುಕೊಂಡು, ತನ್ನದೇ ದನಿಯಲ್ಲಿ, ತನ್ನದೇ ವೇಗದಲ್ಲಿ ಮತ್ತೊಮ್ಮೆ ಕೂಗಿದಳು. ಉದ್ದಕ್ಕೆ ಎಳೆದು, ಇಳಿದು, ಮತ್ತೆ ಎದ್ದು.

ಅಮ್ಮನ ಮಗಳು, ಅಮ್ಮನ ಗಂಟಲು. ಅಕ್ಕ ಕೂಗನ್ನು ಅರ್ಧಕ್ಕೆ ನಿಲ್ಲಿಸಿದಳು. ಕೈಯನ್ನು ಗಂಟಲಿನ ಮೇಲಿಟ್ಟುಕೊಂಡು, ಅಲ್ಲಿ ಏನೋ ಸಿಕ್ಕಿಕೊಂಡವಳ ಹಾಗೆ ಕೂತಳು. ಮುಖದ ಮೇಲೆ ನಗು ಇನ್ನೂ ಉಳಿದಿತ್ತು, ತೆಗೆಯಲು ಮರೆತಿದ್ದಳು.

"ಇದು ಮಗ್ಗುಲಿಂದು" ಎಂದಳು.

ಅವನು ಟಿಕೆಟ್ಟನ್ನು ಬೆರಳಲ್ಲಿ ಮಡಿಸತೊಡಗಿದ.

"ನೀರಿಂದಲ್ಲ. ಮಗ್ಗುಲಿಂದು."

"ಅಕ್ಕ..."

"ತಿರುಗಿಸಿದ ಕೂಡಲೇ ಅಮ್ಮ ನಿಲ್ಲಿಸಿಬಿಡೋಳು. ಥಟ್ಟಂತ. ಇದು ಹಾಗೆ ನಿಲ್ಲಲಿಲ್ಲ. ಸೋತು ಸೋತು ನಿಂತಿತು." ಅವಳು ಅವನ ಕಡೆ ನೋಡುತ್ತಿರಲಿಲ್ಲ, ಎದುರಿನ ಸೀಟಿನ ಹರಿದ ರೆಕ್ಸಿನ್ನನ್ನು ನೋಡುತ್ತಿದ್ದಳು. "ಅಷ್ಟು ಹೊತ್ತು ಯಾರೂ ತಿರುಗಿಸಲಿಲ್ಲ."

"ಸಿನಿಮಾದಲ್ಲಿ ಎಲ್ಲ ಸುಳ್ಳು ಅಕ್ಕ. ಚೂರು ಚೂರು ಸೇರಿಸಿ ಉದ್ದ ಮಾಡಿರ್ತೀವಿ. ನಿಜವಾಗಿ ಅಷ್ಟು ಹೊತ್ತು..."

"ಜೋಡಣೆ ಇಲ್ಲ ಅಂದೆ. ಅಷ್ಟು ಜನದ ಮುಂದೆ ಅಂದೆ. ನಾನು ಚಪ್ಪಾಳೆ ಹೊಡೆದೆ."

ಬಸ್ಸು ಎಲ್ಲೋ ನಿಂತಿತು, ಯಾರೋ ಹತ್ತಿದರು, ಮತ್ತೆ ಹೊರಟಿತು. ಬೈಯಲಿ, ಕೆನ್ನೆಗೆ ಹೊಡೆಯಲಿ, ಡ್ರೈವರಿನ ಎದುರಿಗೇ ಹೊಡೆಯಲಿ ಎಂದು ಅವನು ಕಾದ. ಅವಳು ಏನನ್ನೋ ಕೂಡಿಸಿ ಕಳೆಯುತ್ತಿರುವವಳಂತೆ ತುಟಿ ಅಲ್ಲಾಡಿಸುತ್ತಿದ್ದಳು.

"ನಾನು ಮಲಗಿದ ದಿನವಾ?" ಎಂದಳು.

ಅವನು ತಲೆ ಆಡಿಸಿದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಅವಳಿಗೆ ಸಾಕಾಯಿತು.

"ಊಟಕ್ಕೆ ಮೊದಲು ತಿರುಗಿಸಿದ್ದೆ ಅಂದಿದ್ದೆ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದಳು. ಬಸ್ಸಿಳಿದು ಅವನಿಗಿಂತ ಮುಂದೆ ನಡೆದಳು. ಎದುರುಮನೆಯವನು ಹೇಗಿತ್ತು ಸಿನಿಮಾ ಎಂದು ಕೇಳಿದಾಗ, ಚೆನ್ನಾಗಿತ್ತು ಎಂದಳು.

ಮನೆಗೆ ಬಂದು ಚಪ್ಪಲಿ ಬಿಟ್ಟಳು. ಒಂದು ಲೋಟ ನೀರು ಕುಡಿದು ಲೋಟವನ್ನು ತೊಳೆಯದೆ ಮೇಜಿನ ಮೇಲಿಟ್ಟಳು. ಅಡುಗೆಮನೆಗೆ ಹೋಗುತ್ತಾಳೆ, ಪಾತ್ರೆಗಳ ಸದ್ದು ಶುರುವಾಗುತ್ತದೆ, ಆ ಸದ್ದಿನಲ್ಲಾದರೂ ತಾನು ಹೋಗಿ ಕಾಲು ಹಿಡಿಯಬಹುದು ಎಂದು ಅವನು ನಡುಮನೆಯಲ್ಲಿ ನಿಂತಿದ್ದ. ಅವಳು ತನ್ನ ಕೋಣೆಗೆ ಹೋದಳು. ಒಳ್ಳೆಯ ಬಟ್ಟೆಯನ್ನೂ ಬದಲಿಸದೆ, ಹಾಡಹಗಲಲ್ಲಿ, ಹಾಸಿಗೆ ಬಿಡಿಸಿ ಮಂಚದ ಮೇಲೆ ಮಲಗಿದಳು. ಎಡಮಗ್ಗುಲಿಗೆ, ಗೋಡೆಯ ಕಡೆ ಮುಖ ಮಾಡಿ.

"ಬಾಗಿಲು ಎಳ್ಕೋ" ಎಂದಳು.

ಅವನು ಬಾಗಿಲೆಳೆದುಕೊಂಡು ಹೊರಗೆ ನಿಂತ. ಅಮ್ಮ ಮಲಗಿದ್ದ ಆ ಮಂಚದ ಹಲಗೆಗಳು ಅವನಿಗೆ ಗೊತ್ತು; ಅದರ ಮೇಲೆ ಯಾರು ಹೇಗೆ ಹೊರಳಿದರೂ ಅವನ ಕಿವಿಗೆ ಕೇಳುತ್ತದೆ. ಅವಳು ಮಗ್ಗುಲು ಬದಲಿಸುವ ಸದ್ದಿಗಾಗಿ ಕಾದ. ನೆಲದ ಮೇಲಿನ ಬಿಸಿಲು ಮೇಜಿನ ಕಾಲಿನಿಂದ ಸರಿದು ಗೋಡೆ ಹತ್ತಿತು. ಹಲಗೆ ಕಿರುಗುಟ್ಟಲಿಲ್ಲ. ಕೂಗಿದರೆ ಒಂದೇ ನೆಗೆತಕ್ಕೆ ಒಳಗೆ ಹೋಗಬೇಕು ಎಂದು ಬಾಗಿಲಿಗೆ ಕಿವಿಗೊಟ್ಟು ನಿಂತೇ ಇದ್ದ. ಒಳಗಿನಿಂದ ಯಾರೂ ಕೂಗಲಿಲ್ಲ.